ತಾಮ್ರದ ತಳ, ತೆಂಗಿನೆಣ್ಣೆ

ಕುಂದಾಪುರದವನು ಬರುವ ತನಕ ಗುಂಡು ತಯಾರಿಸುವ ಆ ಕೋಣೆಯಲ್ಲಿ ಸೀಸದ ಕೆಲಸ ಬಲ್ಲವನು ನಾನೊಬ್ಬನೇ. ಅಬುಧಾಬಿಯಲ್ಲಿ ಮುಸಫ್ಫಾ ದಾಟಿದ ಮೇಲೆ ಮರಳಿನ ನಡುವೆ ಒಂದು ಖಾಸಗಿ ಶೂಟಿಂಗ್ ಕ್ಲಬ್ಬಿತ್ತು. ಸದಸ್ಯರು ಸಂಜೆ ಕಾರಿನಲ್ಲಿ ಬಂದು, ರಿವಾಲ್ವರಿನಿಂದ ಕಾಗದದ ಗುರಿಗೆ ಹೊಡೆದು, ಚಹಾ ಕುಡಿದು ಹೋಗುತ್ತಿದ್ದರು. ಅವರು ಹೊಡೆಯುವ ಸೀಸದ ಗುಂಡುಗಳನ್ನು ಎರಕ ಹೊಯ್ಯುವುದು ನನ್ನ ಕೆಲಸ. ತೊಂಬತ್ತರ ದಶಕದ ಕೊನೆಯ ವರ್ಷಗಳು. ಮಂಗಳೂರಿನ ಅಚ್ಚುಕೂಟಗಳಿಗೆ ಕನ್ನಡದ ಅಚ್ಚುಮೊಳೆ ಎರಕ ಹೊಯ್ದ ಕೈ ನನ್ನದು. ಕಂಪ್ಯೂಟರು ಬಂದು ಮೊಳೆ ಯಾರಿಗೂ ಬೇಡವಾದಾಗ, ಗೊತ್ತಿದ್ದ ಒಂದೇ ಲೋಹವನ್ನು ಹಿಡಿದುಕೊಂಡು ಇಲ್ಲಿಗೆ ಬಂದಿದ್ದೆ.

ವೀಸಾದಲ್ಲಿ ನಾನು ‘ಹೆಲ್ಪರ್’. ಹೆಲ್ಪರನಿಗೆ ಹೆಂಡತಿಯನ್ನು ಕರೆಸಿಕೊಳ್ಳುವ ಭಾಗ್ಯವಿಲ್ಲ. ಅದೇ ‘ಟೆಕ್ನಿಷಿಯನ್’ ಎಂದಾದರೆ ಕ್ಲಬ್ಬು ಫ್ಯಾಮಿಲಿ ವೀಸಾಕ್ಕೆ ಪತ್ರ ಕೊಡುತ್ತದೆ. ನಮ್ಮ ಕೋಣೆಗೆ ಅಂಥ ಒಂದು ಹುದ್ದೆ ಬರಲಿದೆ ಎಂದು ಸಾಹೇಬರೇ ನನ್ನ ಹತ್ತಿರ ಹೇಳಿದ್ದರು. ಸಾಹೇಬರೆಂದರೆ ರೇಂಜಿನ ಮುಖ್ಯಸ್ಥರು, ಬ್ರಿಟಿಷ್ ಸೈನ್ಯದಿಂದ ನಿವೃತ್ತರಾದವರು, ಹರಕು ಹಿಂದಿ ಮಾತಾಡುತ್ತಿದ್ದರು. ಕೋಣೆಯಲ್ಲಿ ಇದ್ದವನು ನಾನೊಬ್ಬನೇ ಆದ್ದರಿಂದ ಹುದ್ದೆ ಯಾರಿಗೆ ಎಂದು ಕೇಳುವ ಅಗತ್ಯ ಬೀಳಲಿಲ್ಲ. ಮದುವೆಯಾದ ಮೇಲೆ ಎರಡು ರಜೆಯಷ್ಟು ಕಾಲ ಮಾತ್ರ ಹೆಂಡತಿಯ ಜೊತೆ ಇದ್ದವನು ನಾನು. ಈ ಸಲ ನಿನ್ನನ್ನು ಕರೆಸಿಯೇ ಸಿದ್ಧ ಎಂದು ಫೋನಿನಲ್ಲಿ ಅವಳಿಗೆ ಮಾತು ಕೊಟ್ಟೂ ಆಗಿತ್ತು.

ಅಷ್ಟರಲ್ಲಿ ಇವನು ಬಂದ.

ಕ್ಲಬ್ಬಿನ ಆಚೆ ತುದಿಯಲ್ಲಿ, ಗಾಳಿಯಲ್ಲಿ ಗುರಿಯಿಟ್ಟು ಹೊಡೆಯಲೆಂದು ಮಣ್ಣಿನ ತಟ್ಟೆ ಹಾರಿಸುವ ಯಂತ್ರ ನೋಡಿಕೊಳ್ಳುತ್ತಿದ್ದವನನ್ನು, ಕೆಲಸ ಜಾಸ್ತಿಯಾಯಿತೆಂದು ಸಾಹೇಬರು ನಮ್ಮ ಕೋಣೆಗೆ ಹಾಕಿದರು. ಉದ್ದಕ್ಕೆ ಬೆಳೆದವನು, ನನಗಿಂತ ಚಿಕ್ಕವನು, ಬ್ರಹ್ಮಚಾರಿ. ಬಾಯಿ ತೆರೆದರೆ ನಗು. ನಾನು ‘ಯಸ್ ಸರ್’, ‘ನೋ ಸರ್’ ನಡುವೆ ಒದ್ದಾಡುವಾಗ ಇವನು ಸಾಹೇಬರ ಜೊತೆ ಇಂಗ್ಲಿಷಿನಲ್ಲಿ ಕ್ರಿಕೆಟ್ಟು ಮಾತಾಡುತ್ತಿದ್ದ. ಬಂದ ದಿನವೇ ಕೋಣೆಯ ಕಪಾಟಿನ ಮೇಲೆ ತನ್ನ ತೆಂಗಿನೆಣ್ಣೆ ಬಾಟಲಿ ಇಟ್ಟುಕೊಂಡ. ತಾಯಿ ಊರಿನ ಗಾಣದಲ್ಲಿ ತೆಗೆಸಿ ಕಳಿಸಿದ್ದಂತೆ. ನಮ್ಮ ಕೋಣೆಯ ಎ.ಸಿ.ಗೆ ಅದು ಯಾವತ್ತೂ ಬೆಳ್ಳಗೆ ಹೆಪ್ಪುಗಟ್ಟಿಯೇ ಇರುತ್ತಿತ್ತು. ಬೆಳಿಗ್ಗೆ ಅದನ್ನು ಬಿಸಿನೀರಿನ ನಲ್ಲಿಯ ಕೆಳಗೆ ಹಿಡಿದು, ಒಂದಿಷ್ಟು ಕರಗಿಸಿ, ತಲೆಗೆ ತಟ್ಟಿಕೊಂಡು ಕೆಲಸಕ್ಕೆ ಕೂರುತ್ತಿದ್ದ.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಆದರೆ ಅವನು ಆಡುತ್ತಿದ್ದದ್ದು ನನ್ನ ಹೆಂಡತಿಯ ಭಾಷೆ. ಅವಳ ತವರು ಕುಂದಾಪುರದ ಕಡೆ. ವರ್ಷಕ್ಕೊಮ್ಮೆ ಕಿವಿ ತುಂಬ ಕೇಳಬೇಕೆಂದು ನಾನು ಕಾದಿರುತ್ತಿದ್ದ ‘ಹ್ವಾಯ್’, ‘ಕಾಣಿ’, ‘ಅಲ್ದಾ’ಗಳನ್ನು ಈ ಮನುಷ್ಯ ದಿನವಿಡೀ ನನ್ನ ಕಿವಿಯ ಹತ್ತಿರ ಬಿಟ್ಟಿ ಉದುರಿಸುತ್ತಿದ್ದ. ಒಂದು ಶುಕ್ರವಾರ ಮುಸಫ್ಫಾದ ಟೆಲಿಫೋನ್ ಬೂತಿನಲ್ಲಿ ನಾನು ಹೆಂಡತಿಯ ಜೊತೆ ಮಾತಾಡುತ್ತಿದ್ದಾಗ ಅವನು ಹಿಂದೆ ಸಾಲಿನಲ್ಲಿ ನಿಂತಿದ್ದ, ಮರ್ಯಾದೆಗೆಂದು ಅವನ ಕೈಗೂ ಫೋನು ಕೊಟ್ಟೆ. ಇಬ್ಬರೂ ಯಾವುದೋ ಹೊಳೆ, ಯಾವುದೋ ಶಾಲೆ, ಯಾವುದೋ ಮೇಷ್ಟ್ರು ಎಂದು ನಗುತ್ತ ನನ್ನ ಕಾರ್ಡು ಖಾಲಿ ಮಾಡಿದರು.

ಮುಂದಿನ ವಾರ ಅವಳ ಮೊದಲ ಮಾತು ಅವನ ಬಗ್ಗೆಯೇ.

“ಹ್ವಾಯ್, ಅವ್ರ್ ಎಷ್ಟ್ ಚೆಂದ ಮಾತಾಡ್ತ್ರ್ ಕಾಣಿ.”

“ಮಾತು ಮಾತ್ರ ಚಂದ. ಕೆಲಸ ಇನ್ನೂ ನೋಡಬೇಕಷ್ಟೆ” ಅಂದೆ.

ಕೆಲಸ ಎಂಥದು ಎಂದು ಇಲ್ಲಿ ಹೇಳಿಬಿಡುತ್ತೇನೆ. ಟಯರ್ ಅಂಗಡಿಗಳಲ್ಲಿ ಚಕ್ರದ ತೂಕ ಸರಿಮಾಡಲು ಅಂಚಿಗೆ ಬಡಿಯುವ ಸೀಸದ ತುಂಡುಗಳಿರುತ್ತವೆ. ಹಳೆಯವನ್ನು ಮುಸಫ್ಫಾದಿಂದ ಗೋಣಿಯಲ್ಲಿ ತರುತ್ತಿದ್ದೆವು. ಎರಕದ ಶೆಡ್ಡು ಕಟ್ಟಡದ ಹೊರಗೆ, ಗಾಳಿ ಆಡುವ ಕಡೆ. ಸೀಸ ಕರಗಿದ ಮೇಲೆ ಒಂದು ಚೂರು ಮೇಣ ಹಾಕಿ ಕಲಕಿದರೆ ಕಸವೆಲ್ಲ ಮೇಲೆ ತೇಲುತ್ತದೆ, ಅದನ್ನು ಸೌಟಿನಿಂದ ಎತ್ತಿ ತೆಗೆಯಬೇಕು. ಅಚ್ಚು ತಣ್ಣಗಿದ್ದರೆ ಗುಂಡಿನ ಮೈ ಸುಕ್ಕುಗಟ್ಟುತ್ತದೆ, ಅತಿಯಾಗಿ ಕಾದರೆ ಬೂದಿ ಬಳಿದ ಹಾಗೆ ಕಾಣುತ್ತದೆ. ಎರಡರ ನಡುವಿನ ಹದ ಕೈಗೆ ಗೊತ್ತಿರಬೇಕು. ಅಚ್ಚುಮೊಳೆಯಲ್ಲಾದರೆ ನಾವು ಮುಖ ನೋಡುತ್ತಿದ್ದೆವು, ಅಕ್ಷರ ಇರುವುದು ಅಲ್ಲಿ. ಗುಂಡಿನಲ್ಲಿ ನೋಡಬೇಕಾದ್ದು ತಳ. ತಳದ ಅಂಚು ಸ್ವಲ್ಪ ಮೊಂಡಾಗಿದ್ದರೂ ಗುಂಡು ನೆಟ್ಟಗೆ ಹೋಗುವುದಿಲ್ಲ, ಅಂಥದ್ದನ್ನು ಹಿಂದಕ್ಕೆ ಬಾಣಲೆಗೆ ಹಾಕುತ್ತಿದ್ದೆ.

ಆಮೇಲಿನ ಕೆಲಸ ಎ.ಸಿ. ಕೋಣೆಯಲ್ಲಿ. ಗುಂಡಿನ ಸುತ್ತ ಇರುವ ಗೀರುಗಳಿಗೆ ಜಾರುಮೇಣ ತುಂಬಬೇಕು, ಉಕ್ಕಿನ ಉಂಗುರದೊಳಗಿಂದ ತೂರಿಸಿ ಅಳತೆಗೆ ತರಬೇಕು. ಮೇಣದ ಕುಡಿಕೆ ಒಂದೇ, ಒತ್ತುವ ಯಂತ್ರವೂ ಒಂದೇ. ಕೊನೆಗೆ ಹಿತ್ತಾಳೆಯ ತೋಟೆಗೆ ಮದ್ದು ಹಾಕಿ ಗುಂಡು ಕೂರಿಸುವುದು. ಮದ್ದಿನ ಡಬ್ಬಿ ಸಾಹೇಬರ ಬೀಗದಲ್ಲಿತ್ತು. ಅವರೇ ಬಂದು ಕೂತು ಮದ್ದು ಅಳೆಯುತ್ತಿದ್ದರು, ನಾವು ಮುಟ್ಟುವಂತಿರಲಿಲ್ಲ.

ನನ್ನ ಗುಂಡುಗಳ ತಳ ಬೋಳು, ಬರೀ ಸೀಸ. ಮೆಲ್ಲಗೆ ಹೋಗುವ ತೋಟೆಗೆ ಅದು ಧಾರಾಳ ಸಾಕು. ಆದರೆ ಸದಸ್ಯರಿಗೆ ಜೋರಾಗಿ ಸದ್ದು ಮಾಡುವ ತೋಟೆಗಳೇ ಇಷ್ಟ. ಆ ಬೆಂಕಿಗೆ ಗುಂಡಿನ ಹಿಂಬದಿಯ ಸೀಸ ಸವೆದು ನಳಿಗೆಯೊಳಗೆ ಬೆಳ್ಳಿಯ ಹಾಗೆ ಅಂಟಿಕೊಳ್ಳುತ್ತಿತ್ತು. ಪ್ರತಿ ಸಂಜೆ ಬ್ರಶ್ಶು ಹಾಕಿ ತೋಳು ನೋಯುವಷ್ಟು ಉಜ್ಜುತ್ತಿದ್ದೆ. ನಾನು ಅದನ್ನು ಈ ಕೆಲಸದ ಹಣೆಬರಹ ಎಂದುಕೊಂಡಿದ್ದೆ.

ಕುಂದಾಪುರದವನು ಬಂದ ಮೊದಲ ತಿಂಗಳಲ್ಲೇ ಸಾಹೇಬರಿಗೆ ಏನೋ ಓದಿ ಹೇಳಿ ಹೊಸ ಅಚ್ಚು ತರಿಸಿದ. ಅದರ ಜೊತೆ ಪುಟ್ಟ ಡಬ್ಬಿ. ಒಳಗೆ ತಾಮ್ರದ ಬಿಲ್ಲೆಗಳು, ಅಂಚು ಮೇಲಕ್ಕೆ ಮಡಚಿದ, ಮಕ್ಕಳಾಟದ ತಟ್ಟೆಗಳಂಥವು. ಗ್ಯಾಸ್ ಚೆಕ್ ಎಂದು ಅದರ ಹೆಸರು. ಹೊಸ ಅಚ್ಚಿನ ಗುಂಡಿಗೆ ತಳದಲ್ಲಿ ಒಂದು ಮೆಟ್ಟಿಲು ಇರುತ್ತದೆ, ಬಿಲ್ಲೆ ಅಲ್ಲಿ ಕಚ್ಚಿ ಕೂರುತ್ತದೆ. ಬೆಂಕಿ ತಾಮ್ರಕ್ಕೆ ತಾಗುತ್ತದೆ, ಸೀಸಕ್ಕೆ ತಾಗುವುದಿಲ್ಲ.

“ಅಣ್ಣಯ್ಯ, ಹೀಂಗೆ ಇಟ್ಟ್ ಒತ್ತಿರ್ ಸಾಕ್, ಕಾಣಿ” ಎಂದು ನನಗೇ ತೋರಿಸಿಕೊಟ್ಟ.

“ನನಗೆ ಸೀಸದ ಕೆಲಸ ಕಲಿಸ್ಲಿಕ್ಕೆ ಬರ್ಬೇಡ ಮಾರಾಯ” ಅಂದೆ. ಅವನು ನಕ್ಕ. ಬೈದರೂ ನಗುವವನ ಮೇಲೆ ಸಿಟ್ಟು ಇಳಿಸುವುದು ಹೇಗೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಅವತ್ತು ಸಂಜೆ ಸಾಹೇಬರು ಅವನ ತೋಟೆಗಳನ್ನು ಹೊಡೆದು, ಕೋಲಿಗೆ ಬಿಳಿ ಬಟ್ಟೆ ಸುತ್ತಿ ನಳಿಗೆಯಲ್ಲಿ ತೂರಿಸಿ ತೆಗೆದರು. ಬಟ್ಟೆಯಲ್ಲಿ ಮಸಿ ಬಿಟ್ಟರೆ ಬೇರೇನೂ ಇಲ್ಲ. ಅದೇ ಕೋಲನ್ನು ನನ್ನ ತೋಟೆ ಹೊಡೆದ ರಿವಾಲ್ವರಿಗೆ ಹಾಕಿದರೆ ಸೀಸದ ಹೊಳೆಯುವ ಸಿಪ್ಪೆಗಳು ಉದುರಿದವು. ಸಾಹೇಬರು ಅವನ ಬೆನ್ನು ತಟ್ಟಿದರು. ನನ್ನ ಬೆನ್ನನ್ನು ಅವರು ಅಷ್ಟು ವರ್ಷದಲ್ಲಿ ತಟ್ಟಿದ್ದೇ ಇಲ್ಲ. ನನಗೆ ಹೊಟ್ಟೆ ಉರಿಯಿತು. ಬೇರೆ ದೊಡ್ಡ ಹೆಸರು ಅದಕ್ಕೆ ಯಾಕೆ, ಹೊಟ್ಟೆಕಿಚ್ಚೇ ಅದು. ಟೆಕ್ನಿಷಿಯನ್ ಹುದ್ದೆಯ ವಿಷಯ ಕೇಳಿದಾಗ ಸಾಹೇಬರು, ಬೇಸಿಗೆ ಪೂರ್ತಿ ಏರುವ ಮುಂಚೆ ಸದಸ್ಯರಿಗೆ ನಡೆಯುವ ಸ್ಪರ್ಧೆಗೆ ಇಬ್ಬರೂ ಅರ್ಧರ್ಧ ತೋಟೆ ಮಾಡಿ, ಯಾರದು ಒಳ್ಳೆಯದೋ ನೋಡೋಣ ಎಂದರು.

ನನ್ನದಾಗಿದ್ದ ಹುದ್ದೆಗೆ ನಾನೇ ಪೈಪೋಟಿ ಮಾಡಬೇಕಾಯಿತು. ಅವನಿಗೋ ಹೆಂಡತಿಯಿಲ್ಲ, ಮಕ್ಕಳಿಲ್ಲ, ಆ ವೀಸಾ ತೆಗೆದುಕೊಂಡು ಉಪ್ಪಿನಕಾಯಿ ಹಾಕುತ್ತಾನೆಯೇ?

ಗ್ಯಾಸ್ ಚೆಕ್ ನಾನೂ ಹಾಕಬಹುದಿತ್ತು. ಹಾಕಲಿಲ್ಲ. ಅವನ ದಾರಿಯಲ್ಲಿ ಅವನ ಹಿಂದೆ ನಡೆದರೆ ಎರಡನೆಯವನೇ ಆಗುತ್ತೇನೆ ಎಂಬುದು ಒಂದು. ಆ ಬಿಲ್ಲೆಗಳು ವಿಮಾನದಲ್ಲಿ ಬರಬೇಕು, ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎಂಬುದು ಇನ್ನೊಂದು. ಬೋಳು ತಳದಲ್ಲೇ ನಳಿಗೆ ಸ್ವಚ್ಛ ಇರುವ ಹಾಗೆ ಮಾಡಿ ತೋರಿಸುತ್ತೇನೆ ಎಂದು ಹಟ ಹಿಡಿದೆ.

ಮೊದಲು ಸೀಸವನ್ನು ಇನ್ನೂ ಗಟ್ಟಿ ಮಾಡಿ ನೋಡಿದೆ. ಗಟ್ಟಿಯಾದರೆ ಸವೆಯಲಿಕ್ಕಿಲ್ಲ ಎಂಬ ಲೆಕ್ಕ. ನಳಿಗೆ ಮೊದಲಿಗಿಂತ ಹೊಲಸಾಯಿತು. ಮೇಣ ಬದಲಿಸಿದೆ, ಅದೂ ನಾಟಲಿಲ್ಲ. ಕೊನೆಗೆ ಬೇಸತ್ತು ಕೂತಿದ್ದಾಗ, ಗುಂಡನ್ನು ಸುಮ್ಮನೆ ರಿವಾಲ್ವರಿನ ಖಾಲಿ ಸಿಲಿಂಡರಿನ ಮುಂಬದಿಯ ತೂತಿಗೆ ಹಾಕಿದೆ. ಅದು ತಡೆಯಿಲ್ಲದೆ ಜಾರಿ ಮೇಜಿನ ಮೇಲೆ ಬಿತ್ತು. ನಮ್ಮ ಉಂಗುರ ಗುಂಡನ್ನು ಬೇಕಾದ್ದಕ್ಕಿಂತ ಕೂದಲಿನಷ್ಟು ಸಪೂರ ಮಾಡುತ್ತಿತ್ತು. ಬೆಂಕಿ ಗುಂಡಿನ ಪಕ್ಕದಲ್ಲಿ ನುಸುಳಿ ಸೀಸವನ್ನು ನೆಕ್ಕುತ್ತಿತ್ತು. ಗಟ್ಟಿ ಸೀಸವಾದರೆ ಹಿಗ್ಗಿ ಆ ಸಂದನ್ನು ಮುಚ್ಚುವುದೂ ಇಲ್ಲ.

ಉಂಗುರವನ್ನು ಮುಸಫ್ಫಾದ ಲೇತ್ ಅಂಗಡಿಗೆ ಒಯ್ದು ಒಳಗಿನಿಂದ ಸ್ವಲ್ಪವೇ ತೇಯಿಸಿ ತಂದೆ. ಸೀಸವನ್ನು ಮೆತ್ತಗೆ ಮಾಡಿದೆ. ಈ ಸಲ ಗುಂಡು ತೂತಿಗೆ ಬೆರಳಲ್ಲಿ ಒತ್ತಿದರೆ ಮಾತ್ರ ಹೋಗುತ್ತಿತ್ತು. ಸಾಹೇಬರು ಹೊಡೆದರು, ಬಿಳಿ ಬಟ್ಟೆ ತೂರಿಸಿದರು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಮಸಿ ಮಾತ್ರ ಇತ್ತು. “ಗುಡ್” ಎಂದರು. ಬೆನ್ನು ತಟ್ಟಲಿಲ್ಲ, ಆದರೂ ಆ ಒಂದು ಮಾತನ್ನು ಹೆಂಡತಿಗೆ ಫೋನಿನಲ್ಲಿ ನಾಲ್ಕು ರೀತಿಯಲ್ಲಿ ಹೇಳಿದೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕು ಎಂದೂ ಹೇಳಿದೆ.

ಉಳಿದಿದ್ದ ತಲೆನೋವು ಮೇಣ ಒಂದೇ. ನಮ್ಮ ಕೋಣೆಯ ಚಳಿಗೆ ಅದು ಕಲ್ಲಾಗಿ, ಗೀರುಗಳಿಂದ ಹೊಟ್ಟಿನ ಹಾಗೆ ಉದುರುತ್ತಿತ್ತು. ನಾನು ಯಂತ್ರದ ಮುಂದೆ ಕೂತು ಮೇಣವನ್ನೂ, ಮೇಣ ಮಾಡಿದವನನ್ನೂ, ಅವನ ವಂಶವನ್ನೂ ಬೈಯುತ್ತಿದ್ದೆ. ಒಂದು ದಿನ ನೋಡಿದರೆ ಮೇಣ ತಾನಾಗಿಯೇ ಹದಕ್ಕೆ ಬಂದಿತ್ತು. ಬೆಣ್ಣೆಯ ಹಾಗೆ ನಯವಾಗಿ ಗೀರು ತುಂಬಿತು. ನನ್ನ ಕಷ್ಟ ನೋಡಿ ದೇವರೇ ಕಣ್ಣು ಬಿಟ್ಟ ಎಂದುಕೊಂಡು ಸ್ಪರ್ಧೆಯ ತೋಟೆಗಳನ್ನು ಮುಗಿಸಿದೆ. ಅವನೂ ತನ್ನ ಪಾಲನ್ನು ಅದೇ ಮೇಣದಲ್ಲಿ ಮುಗಿಸಿದ. ಗುರುವಾರ ಮಧ್ಯಾಹ್ನ ಎಲ್ಲ ಡಬ್ಬಿಗಳನ್ನೂ ಕೋಣೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. ಬೀಗ ಹಾಕುವ ಮುಂಚೆ ಅವನು ನನ್ನ ಡಬ್ಬಿಗಳ ಹತ್ತಿರ ಬಗ್ಗಿ ಏನೋ ನೋಡುತ್ತಿದ್ದುದು ನನ್ನ ಕಣ್ಣಿಗೆ ಬಿದ್ದಿತ್ತು.

ಶುಕ್ರವಾರ ರಜೆ. ಮೇ ತಿಂಗಳು, ಹೊರಗೆ ಕಾಲಿಟ್ಟರೆ ಮುಖ ಸುಡುವ ದಿನ. ರಜೆಯ ಹೊತ್ತಿನಲ್ಲಿ ಕೋಣೆಯ ಎ.ಸಿ. ಕೆಟ್ಟು ನಿಂತಿತ್ತು. ಶನಿವಾರ ಬೆಳಿಗ್ಗೆ ಬಾಗಿಲು ತೆರೆದಾಗ ಒಳಗಿನ ಗಾಳಿ ಒಲೆಯ ಬಾಯಿಯಿಂದ ಬಂದ ಹಾಗಿತ್ತು. ಮೆಕ್ಯಾನಿಕ್ಕಿಗೆ ಹೇಳಿ ಕಳಿಸಿ, ಡಬ್ಬಿಗಳನ್ನು ಎತ್ತಿಕೊಂಡು ರೇಂಜಿಗೆ ಹೋದೆವು. ಅವತ್ತು ಸಾಹೇಬರು ಎರಡೂ ಕಡೆಯ ತೋಟೆ ಹೊಡೆದು ನೋಡಿ ತೀರ್ಮಾನ ಹೇಳುವವರಿದ್ದರು.

ಮೊದಲು ಅವನ ತೋಟೆಗಳು. ಒಂದೂ ತಪ್ಪದೆ ಢಂ ಢಂ ಎಂದು ಹಾರಿದವು. ಆಮೇಲೆ ನನ್ನವು. ಮೊದಲ ಕೆಲವು ಸರಿಯಾಗಿಯೇ ಹೋದವು. ಒಂದು ಮಾತ್ರ ‘ಟಪ್’ ಎಂದಿತು, ಬೆಂಕಿಕಡ್ಡಿ ಮುರಿದಷ್ಟೇ ಸದ್ದು. ಗುರಿಯ ಕಾಗದದಲ್ಲಿ ತೂತಿಲ್ಲ. ಸಾಹೇಬರು ತಕ್ಷಣ ಬೆರಳು ತೆಗೆದು, ರಿವಾಲ್ವರನ್ನು ಮರಳಿನ ದಿಬ್ಬದ ಕಡೆಗೇ ಹಿಡಿದುಕೊಂಡು, ಎಡಗೈ ಎತ್ತಿದರು. ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿತ್ತು. ಗೊತ್ತಾಗದೆ ಇನ್ನೊಂದು ಹೊಡೆದಿದ್ದರೆ ನಳಿಗೆ ಸೀಳಿ ಹೋಗುತ್ತಿತ್ತು, ಹಿಡಿದ ಕೈಯೂ ಹೋಗುತ್ತಿತ್ತು. ಆತುರದ ಸದಸ್ಯರೊಬ್ಬರ ಕೈಯಲ್ಲಿ ಅದು ಇದ್ದಿದ್ದರೆ ಎಂದು ನೆನೆದು ನಾನು ಉಳಿದ ತೋಟೆಗಳ ಡಬ್ಬಿ ಮುಚ್ಚಿದೆ. ಸಾಹೇಬರು ಹಿತ್ತಾಳೆಯ ಕೋಲಿನಿಂದ ಗುಂಡನ್ನು ತಟ್ಟಿ ಹೊರಗೆ ತೆಗೆದು ನನ್ನ ಅಂಗೈಯಲ್ಲಿಟ್ಟರು. ಬೋಳು ತಳ. ಅವರು ತಮ್ಮ ಆಫೀಸಿಗೆ ನಡೆದರು.

ಕೋಣೆಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ.

“ಗುರುವಾರ ನನ್ನ ಡಬ್ಬಿಗೆ ಎಂತ ಮಾಡಿದ್ದು ನೀನು? ಸತ್ಯ ಹೇಳು.”

“ನಾನ್ ಎಂತ ಮಾಡ್ಲಿ ಅಣ್ಣಯ್ಯ? ಗುಂಡ್ ಎಷ್ಟ್ ಚೆಂದ ಬಂದಿತ್ತ್ ಅಂದ್ಹೇಳಿ ಕಂಡದ್ದ್.”

“ನನ್ನ ಹೆಂಡತಿ ಪಾಸ್‌ಪೋರ್ಟಿಗೆ ಕೊಟ್ಟು ಕೂತಿದ್ದಾಳೆ. ನಿನಗೆ ಯಾರಿದ್ದಾರೆ ಅಂತ ಈ ಹುದ್ದೆ? ನನ್ನ ಹೊಟ್ಟೆಗೆ ಯಾಕೆ ಕಲ್ಲು ಹಾಕಿದ್ದು?”

ಅವನು ನನ್ನ ತಲೆಯ ಮೇಲಿಂದ ಕಪಾಟಿನ ಕಡೆ ನೋಡಿದ. ಮುಖದ ನಗು ಇಂಗಿತು. ಆಮೇಲೆ ಸರಸರನೆ ಹೊರಟುಹೋದ. ಸಿಕ್ಕಿಬಿದ್ದ ಕಳ್ಳ ಹೀಗೆಯೇ ಹೋಗುವುದು ಎಂದುಕೊಂಡೆ. ಇನ್ನು ಸಾಕ್ಷಿ ಕೂಡಿಸಿದರೆ ಅವನ ಕಥೆ ಖಲಾಸ್.

ತೋಟೆಯಿಂದ ಗುಂಡು ಬಿಡಿಸಲಿಕ್ಕೆ ಸುತ್ತಿಗೆಯಂಥ ಒಂದು ಸಾಧನವಿದೆ, ಒಳಗೆ ತೋಟೆ ಇಟ್ಟು ನೆಲಕ್ಕೆ ಬಡಿದರೆ ಗುಂಡು ಕಳಚಿಕೊಳ್ಳುತ್ತದೆ. ನನ್ನ ಡಬ್ಬಿಯ ತೋಟೆಗಳನ್ನು ಒಂದೊಂದಾಗಿ ಬಡಿದೆ. ಮದ್ದು ಮರಳಿನ ಹಾಗೆ ಉದುರಬೇಕು. ಬದಲಿಗೆ ಒದ್ದೆ ಅವಲಕ್ಕಿಯಂತೆ ಉಂಡೆಗಟ್ಟಿ ಬಿತ್ತು. ಅವನ ಡಬ್ಬಿಯಿಂದಲೂ ಕೆಲವನ್ನು ಬಡಿದು ನೋಡಿದೆ. ಅಲ್ಲಿ ಮದ್ದು ಒಣಗಿಯೇ ಇತ್ತು, ತಾಮ್ರದ ಬಿಲ್ಲೆ ತಳವನ್ನು ಬಿಗಿಯಾಗಿ ಮುಚ್ಚಿತ್ತು. ಉಂಡೆಗಟ್ಟಿದ ಮದ್ದನ್ನು ಬೆರಳಲ್ಲಿ ತಿಕ್ಕಿ ಮೂಗಿಗೆ ಹಿಡಿದೆ. ತೆಂಗಿನೆಣ್ಣೆಯ ವಾಸನೆ. ಮೀನು ಸಾರಿನ ಒಗ್ಗರಣೆಯ, ಹೆಂಡತಿಯ ಜಡೆಯ ವಾಸನೆ. ತಲೆ ಎತ್ತಿದೆ. ಕಪಾಟಿನ ಮೇಲೆ ಅವನ ಬಾಟಲಿಯಲ್ಲಿ ಎಣ್ಣೆ ನೀರಾಗಿ ನಿಂತಿತ್ತು.

ಎಲ್ಲ ಒಮ್ಮೆಲೇ ಅರ್ಥವಾಯಿತು. ಮೇಣ ತಾನಾಗಿ ಹದಕ್ಕೆ ಬಂದಿರಲಿಲ್ಲ. ಇವನು ಕುಡಿಕೆಗೆ ಎಣ್ಣೆ ಸುರಿದಿದ್ದ. ಚಳಿ ಕೋಣೆಯಲ್ಲಿ ಹೆಪ್ಪಾಗಿದ್ದು ಎ.ಸಿ. ನಿಂತ ಕೂಡಲೇ ಕರಗಿ ಮದ್ದಿಗೆ ಇಳಿದಿತ್ತು. ಅವನ ಗುಂಡಿಗೆ ತಾಮ್ರದ ತಳ ಇದ್ದದ್ದರಿಂದ ಎಣ್ಣೆ ಮದ್ದಿಗೆ ಮುಟ್ಟಲಿಲ್ಲ. ಬೋಳು ತಳದವನು ನಾನು ಸಿಕ್ಕಿಬಿದ್ದೆ. ಒಂದು ಉಂಡೆ ಮದ್ದನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ‘ಸರ್, ಹಿ ಪುಟ್ ಆಯಿಲ್, ನಾಟ್ ಮಿ’ ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತ ಆಫೀಸಿಗೆ ನಡೆದೆ. ಸತ್ಯ ಹೇಳಬೇಕೆಂದರೆ ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಬಾಗಿಲು ತಳ್ಳಿದರೆ ಅವನು ಅಲ್ಲಿ ನಿಂತಿದ್ದ. ಸಾಹೇಬರ ಮೇಜಿನ ಮುಂದೆ, ಕೈ ಹಿಂದೆ ಕಟ್ಟಿಕೊಂಡು. ನಾನು ಹೇಳಬೇಕೆಂದಿದ್ದನ್ನೆಲ್ಲ ಅವನೇ ಹೇಳಿ ಮುಗಿಸಿದ್ದ, ನನ್ನದಕ್ಕಿಂತ ಒಳ್ಳೆಯ ಇಂಗ್ಲಿಷಿನಲ್ಲಿ. ನನ್ನ ಕಡೆ ತಿರುಗಿ ಕನ್ನಡದಲ್ಲಿಯೂ ಹೇಳಿದ.

“ನಾನೇ ಎಣ್ಣಿ ಹಾಕದ್ದ್ ಅಣ್ಣಯ್ಯ. ಮೇಣ ಉದುರತ್ತ್ ಅಂದ್ಹೇಳಿ ನೀವ್ ದಿನಾ ಬೈತಿದ್ರಿ ಅಲ್ದಾ? ಒಂಚೂರ್ ಮೆತ್ತಗ್ ಆಯ್ಲಿ ಅಂದ್ಹೇಳಿ ಹಾಕ್ದೆ. ಇಲ್ಲಿ ಯಾವತ್ತೂ ಗಟ್ಟಿಯೇ ಇಪ್ಪುದ್ ಕಂಡ್, ಅದ್ ಎಣ್ಣಿ ಅಂಬುದೇ ಮರ್ತ್ ಹೋಯಿತ್ತ್.”

ಜೇಬಿನಲ್ಲಿದ್ದ ಕಾಗದದ ಪೊಟ್ಟಣವನ್ನು ನಾನು ಹೊರಗೆ ತೆಗೆಯಲೇ ಇಲ್ಲ. ತೆಗೆದು ಏನು ಮಾಡಲಿ? ಮನುಷ್ಯ ನನ್ನ ಗುಂಡು ಕೆಡಿಸಿದ, ಅದು ಸಾಲದೆಂದು ನನ್ನ ದೂರನ್ನೂ ಕಸಿದುಕೊಂಡ. ಅದೂ ನನಗೆ ಸಹಾಯ ಮಾಡಲು ಹೋಗಿ. ದ್ವೇಷದಿಂದ ಮಾಡಿದ್ದರೆ ಎಷ್ಟು ಸಲೀಸಾಗಿತ್ತು.

ಎರಡು ಪಾಲಿನ ತೋಟೆಗಳನ್ನೂ ಬಿಡಿಸಿ ಹಾಕಲು ಸಾಹೇಬರು ಹೇಳಿದರು. ಇಬ್ಬರೂ ಎದುರುಬದುರು ಕೂತು ಬಡಿದೆವು. ಅವನು ಊಟಕ್ಕೂ ಏಳಲಿಲ್ಲ. ನಾನೂ ಏಳಲಿಲ್ಲ, ಅವನು ಏಳಲಿಲ್ಲ ಎಂಬ ಕಾರಣಕ್ಕೆ. ಹೊಸ ಮೇಣದಲ್ಲಿ, ಎಲ್ಲಕ್ಕೂ ಗ್ಯಾಸ್ ಚೆಕ್ ಹಾಕಿ ಹೊಸ ತೋಟೆ ಮಾಡಿದೆವು. ಸ್ಪರ್ಧೆ ಸುಸೂತ್ರವಾಗಿ ನಡೆಯಿತು.

ಅದು ಮುಗಿದ ಮೇಲೆ ಸಾಹೇಬರು ಹುದ್ದೆಯನ್ನು ಅವನಿಗೆ ಕೊಟ್ಟರು.

ನಾನು ಆಫೀಸಿಗೆ ಹೋಗಿ ನಿಂತೆ. ತಪ್ಪು ಮಾಡಿದವನು ಅವನು, ನನ್ನ ಗುಂಡಿನಲ್ಲಿ ದೋಷವಿರಲಿಲ್ಲ, ಮತ್ತೆ ಅವನು ಹೇಗೆ ಟೆಕ್ನಿಷಿಯನ್ ಎಂದು ನನ್ನ ಹಿಂದಿಯಲ್ಲಿ ಕೇಳಿದೆ. ಸಾಹೇಬರು ಕುರ್ಚಿ ತೋರಿಸಿ ಕೂರಿಸಿದರು. “ನಿನ್ನ ಗುಂಡು ಚೆನ್ನಾಗಿತ್ತು, ನಿಜ. ಆದರೆ ಎ.ಸಿ. ಇನ್ನೊಮ್ಮೆ ಕೆಡುತ್ತದೆ, ಮನುಷ್ಯರು ಇನ್ನೊಮ್ಮೆ ತಪ್ಪು ಮಾಡುತ್ತಾರೆ. ಮದ್ದಿನ ಕೋಣೆಯಲ್ಲಿ ತನ್ನ ತಪ್ಪನ್ನು ನಾನು ಕೇಳುವ ಮುಂಚೆ ಬಂದು ಹೇಳುವವನು ನನಗೆ ಬೇಕು. ನಾನು ಕೇಳುವ ಮುಂಚೆ ಅವನು ಬಂದ.” ಇಷ್ಟು ಹೇಳಿ ಅವರು ಕನ್ನಡಕ ತೆಗೆದು ಒರೆಸತೊಡಗಿದರು.

ನಾನು ತಪ್ಪೇ ಮಾಡಿರಲಿಲ್ಲವಲ್ಲ, ಬಂದು ಏನು ಹೇಳಲಿ? ಹುದ್ದೆ ಸಿಗಬೇಕಾದರೆ ಮೊದಲು ಒಂದು ತಪ್ಪು ಮಾಡಬೇಕಿತ್ತು ಎಂಬುದು ನನಗೆ ಗೊತ್ತಿರಲಿಲ್ಲ. ಈ ಮಾತನ್ನು ಹಿಂದಿಯಲ್ಲಿ ಹೇಳಲು ಬಾರದೆ ಎದ್ದು ಬಂದೆ.

ಶುಕ್ರವಾರ ಬೂತಿಗೆ ಹೋಗಿ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಅಳುತ್ತಾಳೆ, ಇಬ್ಬರೂ ಸೇರಿ ಅವನನ್ನು ಬೈಯಬಹುದು ಎಂಬ ಆಸೆ ನನಗೆ. ಅವಳು ಮೂಗು ಎಳೆದುಕೊಂಡದ್ದು ಕೇಳಿಸಿತು.

“ನಿಮ್ಗೋಸ್ಕರ ಹಾಕದ್ದಲ್ದಾ ಎಣ್ಣಿ. ಪಾಪ” ಅಂದಳು. ಆಮೇಲೆ, “ಹ್ವಾಯ್, ಅವ್ರಿಗೆ ಮದಿ ಆಯ್ತಾ?”

“ಯಾಕೆ?”

“ತಂಗಿಗೆ ಗಂಡ್ ಕಾಂತಾ ಇದ್ರ್ ಮನಿಯಂಗೆ. ಕೇಣಿ ಕಾಂಬ.”

ತಂಗಿಗೆ ವರ ನೋಡುತ್ತಿದ್ದಾರಂತೆ, ನಾನು ಕೇಳಬೇಕಂತೆ. ನನ್ನ ಹುದ್ದೆ ತಿಂದವನಿಗೆ ನನ್ನ ನಾದಿನಿಯನ್ನೂ ಬಡಿಸಬೇಕು. ಕಾರ್ಡು ಮುಗಿಯಿತು ಎಂದು ಸುಳ್ಳು ಹೇಳಿ ಫೋನು ಇಟ್ಟೆ.

ಆ ಬೇಸಿಗೆಯಿಡೀ ಅವನಿಗೆ ಆ ಮಾತು ಮುಟ್ಟಿಸಲಿಲ್ಲ. ಪ್ರತಿ ವಾರ ಅವಳು ಕೇಳುತ್ತಿದ್ದಳು, ಪ್ರತಿ ವಾರ ನಾನು ಏನಾದರೊಂದು ನೆಪ ಹೇಳುತ್ತಿದ್ದೆ. ಅವನು ಟೆಕ್ನಿಷಿಯನ್ ಆದ ಮೇಲೂ ಮುಸಫ್ಫಾದ ಅದೇ ಕ್ಯಾಂಪಿನಲ್ಲಿ, ನನ್ನ ಮೇಲಿನ ಮಂಚದಲ್ಲಿಯೇ ಮಲಗುತ್ತಿದ್ದ. ಅದೇ ಬಸ್ಸು, ಅದೇ ಅನ್ನ. ನಾನು ಕನಸಿನಲ್ಲಿ ಕಂಡ ವೀಸಾ ಅವನ ಪಾಸ್‌ಪೋರ್ಟಿನಲ್ಲಿ ಮುಟ್ಟುವವರಿಲ್ಲದೆ ಬಿದ್ದಿತ್ತು. ಮಂಚದ ಮೇಲಿಂದ ಅವನ ಕಾಲು ನೇತಾಡುವುದನ್ನು ನೋಡುವಾಗಲೆಲ್ಲ, ಹಸಿದವನ ಎದುರು ಊಟದ ಎಲೆ ಹಾಳಾಗುವುದನ್ನು ನೋಡಿದಷ್ಟು ಸಂಕಟವಾಗುತ್ತಿತ್ತು.

ಚಳಿಗಾಲ ಶುರುವಾಗುವ ಹೊತ್ತಿಗೆ ನನಗೆ ಅದನ್ನು ತಾಳಿಕೊಳ್ಳಲಾಗಲಿಲ್ಲ. ಅವನ ಮೇಲಿನ ಪ್ರೀತಿಯಿಂದಲ್ಲ. ಆ ವೀಸಾ ಹಾಳಾಗುವುದು ನನಗೆ ನೋಡಲಾಗಲಿಲ್ಲ, ಅಷ್ಟೆ.

“ನಿನಗೆ ಮದುವೆ ಗಿದುವೆ ಆಗುವ ಅಂದಾಜು ಉಂಟಾ?” ಎಂದು ಬಸ್ಸಿನಲ್ಲಿ ಕೇಳಿದೆ.

“ನಂಗ್ ಯಾರ್ ಹೆಣ್ ಕೊಡ್ತ್ರ್ ಅಣ್ಣಯ್ಯ?”

“ನನ್ನ ಮಾವನ ಮನೆಯಲ್ಲಿ ಒಬ್ಬಳು ಇದ್ದಾಳೆ. ಆ ಎಣ್ಣೆ ಬಾಟಲಿ ಮಾತ್ರ ಅವರಿಗೆ ತೋರಿಸ್ಬೇಡ.”

ಅವನು ನಗಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ಕೂತ. ಬಸ್ಸು ಕ್ಲಬ್ಬು ಮುಟ್ಟುವಾಗ, “ಅಬ್ಬಿ ಹತ್ರ ಕೇಣ್ತೆ” ಎಂದ, ತಾಯಿಯನ್ನು ಕೇಳುತ್ತಾನಂತೆ. ಹಿರಿಯರು ಬಳಿ, ಅಂದರೆ ನಮ್ಮ ಕಡೆಯ ಗೋತ್ರ, ವಿಚಾರಿಸಿದರು, ಬಳಿ ಬೇರೆ ಬೇರೆ ಇತ್ತು, ಜಾತಕವೂ ಕೂಡಿಬಂತು. ನನ್ನ ರಜೆಯ ಸರದಿ ಬಂದಿರಲಿಲ್ಲ. ಹೀಗಾಗಿ ಅವನು ನನ್ನ ನಾದಿನಿಯನ್ನು ಮದುವೆಯಾಗಿ ನನ್ನ ಷಡ್ಡಕನಾದ ದಿನ ನಾನು ಶೆಡ್ಡಿನಲ್ಲಿ ಅವನ ಪಾಲಿನ ಸೀಸವನ್ನೂ ಕರಗಿಸುತ್ತಿದ್ದೆ.

ನಾದಿನಿ ಬಂದಳು. ಒಂದು ವಿಲ್ಲಾದ ಹಿಂಬದಿಯ ಕೋಣೆಯಲ್ಲಿ ಅವರ ಸಂಸಾರ. ಶುಕ್ರವಾರ ಅಲ್ ಮೀನಾದ ಮೀನು ಮಾರುಕಟ್ಟೆಯಿಂದ ಬಂಗುಡೆ ತಂದು ಸಾರು ಮಾಡಿ ನನ್ನನ್ನೂ ಕರೆಯುತ್ತಿದ್ದರು. ಅಕ್ಕನದ್ದೇ ಕೈರುಚಿ, ಅಕ್ಕನದ್ದೇ ಮಾತು. ಎರಡನೆಯ ಸಲವೂ ಹಾಕಿಸಿಕೊಂಡು ತಿನ್ನುತ್ತಿದ್ದೆ. ಊಟದ ನಡುವೆ ಒಂದು ದಿನ ನಾದಿನಿ ಗಂಡನ ಕಡೆ ತಿರುಗಿ, “ಅಕ್ಕಯ್ಯನ್ನ ವಿಸಿಟಿಗೆ ಕರ್ಸುಕ್ ಆತಿಲ್ಯಾ?” ಎಂದು ಕೇಳಿದಳು. ಹೆಂಡತಿಯ ಅಕ್ಕನಾದ್ದರಿಂದ ಅವನು ಅರ್ಜಿ ಹಾಕಬಹುದಿತ್ತು. ಹಾಕಿದ. ನನ್ನನ್ನು ಒಂದು ಮಾತೂ ಕೇಳದೆ ಓಡಾಡಿ ವೀಸಾ ತೆಗೆಸಿದ.

ವಿಮಾನ ನಿಲ್ದಾಣದಲ್ಲಿ ವೀಸಾದ ಮೂಲ ಪ್ರತಿಯನ್ನು ಮೊದಲೇ ಕೌಂಟರಿಗೆ ಕೊಡಬೇಕು. ಪ್ರಾಯೋಜಕ ಯಾರು ಎಂದು ಒಳಗಿನವರು ಕೇಳಿದಾಗ ಅವನು ಮುಂದೆ ಹೋದ. ನಾನೂ ನಾದಿನಿಯೂ ಕಂಬಿಯ ಹಿಂದೆ ನಿಂತೆವು. ಆ ಕಾಗದದಲ್ಲಿ ನನ್ನ ಹೆಂಡತಿಯ ಹೆಸರು ಇತ್ತು, ಅವನ ಹೆಸರು ಇತ್ತು, ನನ್ನದು ಎಲ್ಲಿಯೂ ಇರಲಿಲ್ಲ. ನನ್ನ ಹೆಂಡತಿ ಬರುತ್ತಿದ್ದಾಳೆ ಎಂಬ ಸಂತೋಷಕ್ಕೂ, ಅವನ ಹೆಸರಿನಲ್ಲಿ ಬರುತ್ತಿದ್ದಾಳೆ ಎಂಬ ಉರಿಗೂ ಒಂದೇ ಎದೆಯಲ್ಲಿ ಜಾಗ ಮಾಡಿಕೊಡಬೇಕಾಯಿತು.

ಅವಳು ಟ್ರಾಲಿ ತಳ್ಳಿಕೊಂಡು ಹೊರಗೆ ಬಂದಳು. ತಂಗಿಯನ್ನು ಅಪ್ಪಿಕೊಂಡಳು. ಅವನಿಗೆ ಕೈ ಮುಗಿದು, “ನಿಮ್ಗೆ ಎಣ್ಣಿ ತಂದಿದೆ, ನಿಮ್ಮಬ್ಬಿ ಕೊಟ್ಟದ್ದ್” ಎಂದಳು. ಆಮೇಲೆ ನನ್ನ ಎದುರು ನಿಂತು ತಲೆಯಿಂದ ಕಾಲಿನವರೆಗೆ ನೋಡಿದಳು.

“ಹ್ವಾಯ್, ಎಷ್ಟ್ ಸಪೂರ ಆಯ್ರಿ.”

ಅವನು ದೊಡ್ಡ ಚೀಲಕ್ಕೆ ಕೈ ಹಾಕಿದ. ಅವಳು ಅದನ್ನು ಅವನಿಗೆ ಕೊಡಲಿಲ್ಲ. ಎಣ್ಣೆಯ ಡಬ್ಬಿಯಿದ್ದ ಸಣ್ಣ ಕೈಚೀಲವನ್ನು ಅವನಿಗೆ ಕೊಟ್ಟು, ದೊಡ್ಡದನ್ನು ಎತ್ತಿ ನನ್ನ ಹೆಗಲಿಗೆ ಹಾಕಿದಳು. ಸೀಸದ ಗೋಣಿಯಷ್ಟು ಭಾರವಿತ್ತು. ಟ್ಯಾಕ್ಸಿಯ ತನಕ ಅವನು ಎರಡು ಸಲ, “ಅಣ್ಣಯ್ಯ, ಇತ್ಲಾಗ್ ಕೊಡಿ” ಎಂದ. ನಾನು ಕೊಡಲಿಲ್ಲ.